ಸೆನ್ಸರ್ ಬದಲಿಸಿದರೂ ಹೋಗದ ಎಬಿಎಸ್ ಲೈಟ್: ಕಲಬುರಗಿಯ ಒಂದು ಗಾಡಿಯ ಪ್ರಕರಣ

ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಾಲೀಕರಿಗೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ, ಆಳಂದ ಕಡೆ ತೊಗರಿ ಹೊಲ. ವಾರಕ್ಕೆ ಒಂದೆರಡು ಸಲ ಹೊಲಕ್ಕೆ ಹೋಗುತ್ತಾರೆ, ಆಗಾಗ ಹುಮನಾಬಾದ್, ಬೀದರ್ ಕಡೆಗೂ ಓಡಾಟ ಇರುತ್ತದೆ. ದೂರು ಸಣ್ಣದು. ಮೀಟರ್‌ನಲ್ಲಿ ಹಳದಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಬರುತ್ತದೆ, ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಹೋಗುತ್ತದೆ. ಒಮ್ಮೊಮ್ಮೆ ವಾರಗಟ್ಟಲೆ ಸುದ್ದಿಯೇ ಇಲ್ಲ, ಒಮ್ಮೊಮ್ಮೆ ಒಂದೇ ದಿನ ಎರಡೆರಡು ಸಲ.

ನನ್ನ ಹತ್ತಿರ ಬರುವ ಮೊದಲು ಈ ಗಾಡಿ ಎರಡು ಕಡೆ ಹೋಗಿ ಬಂದಿತ್ತು. ಮೊದಲನೇ ಗ್ಯಾರೇಜ್‌ನವರು ಸ್ಕ್ಯಾನರ್ ಹಾಕಿದಾಗ ಎಡಗಡೆ ಮುಂದಿನ ಗಾಲಿಯ ಸ್ಪೀಡ್ ಸೆನ್ಸರ್ ಎಂದು ತೋರಿಸಿದೆ. ಹೊಸ ಸೆನ್ಸರ್ ಹಾಕಿ, ಮೆಮೊರಿಯಲ್ಲಿದ್ದ ದೋಷದ ಕೋಡ್ ಅಳಿಸಿ ಕಳಿಸಿದ್ದಾರೆ. ಎರಡು ವಾರ ಲೈಟ್ ಬರಲಿಲ್ಲ, ಆಮೇಲೆ ಮತ್ತೆ ಬಂತು. ಎರಡನೇ ಕಡೆ ಹೋದಾಗ, ಸೆನ್ಸರ್ ಹೊಸದು, ಆದರೂ ಲೈಟ್ ಬರುತ್ತಿದೆ, ಅಂದರೆ ಎಬಿಎಸ್ ಯುನಿಟ್ಟೇ (ಇಡೀ ಎಬಿಎಸ್ ನಡೆಸುವ ಪೆಟ್ಟಿಗೆ) ಹೋಗಿದೆ ಎಂದು ಹೇಳಿ ಐವತ್ತು ಸಾವಿರದ ಆಸುಪಾಸು ಅಂದಾಜು ಕೊಟ್ಟಿದ್ದಾರೆ. ಗಂಜ್‌ನಲ್ಲಿ ಪಕ್ಕದ ಅಂಗಡಿಯವರು ಕೊಟ್ಟ ಸಲಹೆ ಇನ್ನೂ ಅಗ್ಗದ್ದು: "ಬ್ರೇಕ್ ಹತ್ತತಾವಲ್ಲ, ಲೈಟಿನ ಮ್ಯಾಲ ಕರಿ ಟೇಪ್ ಹಚ್ಚಿಬಿಡ್ರಿ."

ಈ ಟೇಪಿನ ಮಾತು ನಮ್ಮ ಕಡೆ ಭಾಳ ಕೇಳುತ್ತದೆ, ಅದಕ್ಕೇ ಮೊದಲು ಅದನ್ನು ಮುಗಿಸುತ್ತೇನೆ. ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಸಾದಾ ಬ್ರೇಕ್ ಕೆಲಸ ಮಾಡುತ್ತದೆ, ಅದು ಖರೆ. ಆದರೆ ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗದಂತೆ ಹಿಡಿದು ಬಿಡುವ ಕೆಲಸ ನಿಂತಿರುತ್ತದೆ. ಗಾಲಿ ಲಾಕ್ ಆಗಿ ಉಜ್ಜಿಕೊಂಡು ಹೋಗುವಾಗ ಸ್ಟೇರಿಂಗ್ ಎಷ್ಟು ತಿರುವಿದರೂ ಗಾಡಿ ನೇರವೇ ಹೋಗುತ್ತದೆ. ಚಳಿಗಾಲದಲ್ಲಿ ಆಳಂದ, ಅಫಜಲಪುರ ರಸ್ತೆಯಲ್ಲಿ ರಾತ್ರಿ ಹೊತ್ತು ಓಡಾಡಿದವರಿಗೆ ಗೊತ್ತು: ಕಬ್ಬು ಹೇರಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ಟ್ರಾಲಿಗೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಒತ್ತುತ್ತಲೇ ಪಕ್ಕಕ್ಕೆ ತಿರುವಬೇಕಾಗುತ್ತದೆ. ಎಬಿಎಸ್ ಇರುವುದು ಆ ಒಂದು ಕ್ಷಣಕ್ಕೆ. ಹಳದಿ ಲೈಟಿನ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ ಮಾತೇ ಬೇರೆ. ಆಗ ಮುಂದಿನ, ಹಿಂದಿನ ಗಾಲಿಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಇಳಿದಿರಬಹುದು. ಅಂಥ ಗಾಡಿಯನ್ನು ಓಡಿಸಿಕೊಂಡು ಬರಬಾರದು, ಎಳೆಸಿಕೊಂಡು ಬರಬೇಕು. ಈ ಗಾಡಿಯಲ್ಲಿ ಕೆಂಪು ಲೈಟ್ ಒಮ್ಮೆಯೂ ಬಂದಿರಲಿಲ್ಲ.

ಇಂಥ ಕೆಲಸ ಈಗ ಹೆಚ್ಚು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಮೊದಲು ದುಬಾರಿ ಮಾಡೆಲ್‌ಗಳಲ್ಲಿ ಮಾತ್ರ ಇರುತ್ತಿದ್ದ ನಾಲ್ಕು ಗಾಲಿಯ ನಾಲ್ಕು ಸೆನ್ಸರ್ ಈಗ ಎಲ್ಲ ಸಣ್ಣ ಗಾಡಿಯಲ್ಲೂ ಇವೆ. ಅವು ನಮ್ಮ ಹಳ್ಳಿ ರಸ್ತೆ, ಎರಿ ಮಣ್ಣು, ಶಹಾಬಾದ್, ವಾಡಿ ಕಡೆಯ ಸುಣ್ಣದ ಕಲ್ಲಿನ ಧೂಳು ಎಲ್ಲದರಲ್ಲೂ ಓಡುತ್ತವೆ.

ಬಂದು ಹೋಗುವ ದೋಷದ ಬಗ್ಗೆ ನಾನು ಹಿಡಿದುಕೊಂಡಿರುವ ನಿಯಮ ಒಂದೇ. ದೋಷವನ್ನು ನಾನು ಬೇಕೆಂದಾಗ ಬರಿಸಲು ಸಾಧ್ಯವಾಗುವ ತನಕ ಯಾವ ಪಾರ್ಟನ್ನೂ ಬಿಚ್ಚುವುದಿಲ್ಲ, ಯಾವ ಕೋಡನ್ನೂ ಅಳಿಸುವುದಿಲ್ಲ. ಬೇಕೆಂದಾಗ ಬರಿಸಲಾಗದ ದೋಷ ಹೋಯಿತೋ ಇಲ್ಲವೋ ಎಂದು ಹೇಳಲಿಕ್ಕೂ ಆಗುವುದಿಲ್ಲ. ಮೊದಲನೇ ಗ್ಯಾರೇಜ್‌ನಲ್ಲಿ ಆದದ್ದು ಅದೇ. ಸೆನ್ಸರ್ ಬಿಚ್ಚಿ ಹಾಕುವಾಗ ವೈರ್ ಅಲುಗಾಡಿದೆ, ಎರಡು ವಾರ ಸುಮ್ಮನಿದೆ, ಎಲ್ಲರೂ ರಿಪೇರಿ ಆಯಿತೆಂದು ತಿಳಿದಿದ್ದಾರೆ.

ಮಾಲೀಕರು ವಯಸ್ಸಿನಲ್ಲಿ ಹಿರಿಯರು, ನಾನು ಕಾಕಾ ಎಂದೇ ಕರೆಯುವುದು. ಸ್ಕ್ಯಾನರ್ ತೆಗೆಯುವ ಮೊದಲು ಅವರನ್ನು ಕೂಡಿಸಿಕೊಂಡು ಕೇಳಿದೆ.

"ಲೈಟ್ ಯಾವಾಗ ಬರ್ತದ್ರಿ ಕಾಕಾ?"

"ಮಧ್ಯಾಹ್ನ ಬರ್ತದ ನೋಡು ತಮ್ಮಾ. ಮುಂಜಾನೆ ಮನಿಯಿಂದ ಹೊಂಟಾಗ ಒಮ್ಮಿನೂ ಬಂದಿಲ್ಲ. ಬಿಸಲಿಗೇ ಏನರೆ ಆಗ್ತದ ಅನಸ್ತದ."

"ಎಲ್ಲಿ ನೋಡಿದ್ರಿ?"

"ಹುಮನಾಬಾದ್ ರೋಡಿನ ಮ್ಯಾಲ. ಎಂಬತ್ತರಾಗ ಹೊಂಟಿದ್ದೆ, ನೋಡ್ತೀನಿ, ಲೈಟ್ ಹತ್ಯಾದ."

"ಅದು ಹತ್ತೋದು ನೋಡಿದ್ರ್ಯಾ, ಹತ್ತಿದ್ದು ನೋಡಿದ್ರ್ಯಾ?"

ಅವರು ಸ್ವಲ್ಪ ಯೋಚನೆ ಮಾಡಿದರು. "ಹತ್ತಿದ್ದು ನೋಡೀನಿ. ಹತ್ತೋದು ಯಾರ ನೋಡ್ತಾರ, ರಸ್ತಾ ನೋಡ್ಬೇಕಲ್ಲ."

ನನಗೆ ಬೇಕಾಗಿದ್ದು ಈ ಮಾತೇ. ಈ ಗಾಡಿಯಲ್ಲಿ ದೋಷ ಕ್ಷಣಮಾತ್ರ ಬಂದು ಹೋದರೂ ಲೈಟ್ ಆರುವುದಿಲ್ಲ, ಕೀ ತಿರುಗಿಸಿ ಬಂದ್ ಮಾಡುವ ತನಕ ಹತ್ತಿಯೇ ಇರುತ್ತದೆ. ಮತ್ತೆ ಚಾಲೂ ಮಾಡಿದಾಗ ಯುನಿಟ್ ತನ್ನನ್ನು ತಾನು ಪರೀಕ್ಷಿಸಿಕೊಂಡು, ಎಲ್ಲ ಸರಿಯಿದ್ದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಲೈಟ್ ಆರಿಸುತ್ತದೆ. ಹೀಗಾಗಿ ಮಾಲೀಕರು ಲೈಟ್ ಕಂಡ ಜಾಗಕ್ಕೂ ದೋಷ ಆದ ಜಾಗಕ್ಕೂ ಹತ್ತಾರು ಕಿಲೋಮೀಟರ್ ಅಂತರ ಇರಬಹುದು.

ಆಮೇಲೆ ಸ್ಕ್ಯಾನರ್ ಹಾಕಿದೆ. ಇಲ್ಲೊಂದು ವಿಷಯ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಡಾಂಗಲ್ ಹೆಚ್ಚಾಗಿ ಇಂಜಿನ್ ಕೋಡ್‌ಗಳನ್ನು, ಅಂದರೆ ಪಿ ಅಕ್ಷರದಿಂದ ಶುರುವಾಗುವುವನ್ನು ಮಾತ್ರ ಓದುತ್ತದೆ. ಎಬಿಎಸ್ ಕೋಡ್‌ಗಳು ಚಾಸಿಸ್ ಗುಂಪಿನವು, ಸಿ ಅಕ್ಷರದಿಂದ ಶುರುವಾಗುತ್ತವೆ. ಡಾಂಗಲ್‌ನಲ್ಲಿ "ಕೋಡ್ ಇಲ್ಲ" ಎಂದು ಬಂದರೆ ಎಬಿಎಸ್ ಸರಿಯಿದೆ ಎಂದು ಅರ್ಥವಲ್ಲ. ಎಬಿಎಸ್ ಯುನಿಟ್ ಜೊತೆ ಮಾತಾಡುವ ಸ್ಕ್ಯಾನರೇ ಬೇಕು.

ಕೋಡ್ ಸಿಕ್ಕಿತು. ಎಡ ಮುಂದಿನ ಗಾಲಿ, ಸರ್ಕ್ಯೂಟ್ ಓಪನ್, ಅಂದರೆ ಕರೆಂಟಿನ ದಾರಿ ಕಡಿದಿದೆ, ಅದೂ ಬಂದು ಹೋಗುವಂಥದ್ದು. ಇಲ್ಲಿ ಗಾಲಿಯ ಹೆಸರಿಗಿಂತ "ಸರ್ಕ್ಯೂಟ್" ಎಂಬ ಮಾತು ಮುಖ್ಯ. ಗಾಲಿ ಸೆನ್ಸರಿನ ದೋಷಗಳಲ್ಲಿ ಎರಡು ಜಾತಿ. ಒಂದು ಸಿಗ್ನಲ್ ದೋಷ: ಕರೆಂಟ್ ಹರಿಯುತ್ತಿದೆ, ಆದರೆ ಗಾಲಿ ತಿರುಗುವ ಲೆಕ್ಕ ತಪ್ಪುತ್ತಿದೆ. ಬೇರಿಂಗಿನ ಸೀಲ್ ಒಳಗಿನ ಅಯಸ್ಕಾಂತದ ಪಟ್ಟಿ ಕೆಟ್ಟಿದ್ದರೆ, ಅದಕ್ಕೆ ಕಬ್ಬಿಣದ ಪುಡಿ ಅಂಟಿದ್ದರೆ, ಬೇರಿಂಗ್ ಸಡಿಲಾಗಿದ್ದರೆ, ಬದಲಿಸುವಾಗ ಬೇರಿಂಗನ್ನು ಉಲ್ಟಾ ಕೂಡಿಸಿದ್ದರೆ, ಸೆನ್ಸರಿನ ಕೆಳಗೆ ತುಕ್ಕು ಉಬ್ಬಿ ಅದನ್ನು ದೂರ ತಳ್ಳಿದ್ದರೆ ಇಂಥ ಕೋಡ್ ಬರುತ್ತದೆ. ಗಾಲಿ ತಿರುಗದೆ ಇದು ಗೊತ್ತಾಗುವುದಿಲ್ಲ. ಇನ್ನೊಂದು ಸರ್ಕ್ಯೂಟ್ ದೋಷ: ವೈರ್ ಕಡಿದಿದೆ, ಶಾರ್ಟ್ ಆಗಿದೆ, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಡಿಲಾಗಿದೆ, ಇಲ್ಲವೇ ಸೆನ್ಸರ್ ಒಳಗೇ ಸುಟ್ಟಿದೆ. ಇದಕ್ಕೆ ಗಾಡಿ ಓಡಬೇಕಾಗಿಲ್ಲ. ಕೀ ಆನ್ ಇದ್ದರೆ ಸಾಕು, ಯುನಿಟ್ ಇದನ್ನು ಆ ಕ್ಷಣವೇ ಹಿಡಿಯುತ್ತದೆ.

ಕಾರಣ ಸೆನ್ಸರ್ ಕೆಲಸ ಮಾಡುವ ರೀತಿಯಲ್ಲಿದೆ. ಹಳೆಯ ಕಾಲದ ಸೆನ್ಸರ್ ಬರೀ ತಾಮ್ರದ ಸುರುಳಿ ಮತ್ತು ಅಯಸ್ಕಾಂತ. ಹಲ್ಲಿನ ಉಂಗುರ ಎದುರಿಗೆ ತಿರುಗಿದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತಿತ್ತು, ಗಾಲಿ ನಿಧಾನವಾದರೆ ಸಿಗ್ನಲ್ಲೂ ಸತ್ತುಹೋಗುತ್ತಿತ್ತು. ಅದನ್ನು ಓಮ್ ಮೀಟರ್‌ನಿಂದ ಅಳೆಯಬಹುದಿತ್ತು, ಸಾವಿರ ಓಮ್‌ನ ಆಸುಪಾಸು ತೋರಿಸುತ್ತಿತ್ತು. ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಆಕ್ಟಿವ್ ಸೆನ್ಸರ್. ಎರಡೇ ವೈರ್. ಯುನಿಟ್ ಅದಕ್ಕೆ ಕರೆಂಟ್ ಕೊಡುತ್ತದೆ, ಬೇರಿಂಗಿನ ಪಟ್ಟಿಯ ಉತ್ತರ, ದಕ್ಷಿಣ ಧ್ರುವಗಳು ಎದುರಿಗೆ ಹಾದಂತೆ ಸೆನ್ಸರ್ ಆ ಕರೆಂಟನ್ನು 7 ಮಿಲಿಆಂಪ್, 14 ಮಿಲಿಆಂಪ್ ಎಂದು ಏರಿಸಿ ಇಳಿಸುತ್ತದೆ. ಗಾಡಿ ನಿಂತಿದ್ದರೂ ಎರಡರಲ್ಲಿ ಒಂದು ಮಟ್ಟದ ಕರೆಂಟ್ ಹರಿಯುತ್ತಲೇ ಇರಬೇಕು. ಅದು ಸೊನ್ನೆಯಾದರೆ ಸರ್ಕ್ಯೂಟ್ ಓಪನ್. ಈ ಸೆನ್ಸರಿಗೆ ಓಮ್ ಮೀಟರ್ ಹಚ್ಚಿದರೆ ಏನೂ ಗೊತ್ತಾಗುವುದಿಲ್ಲ, ಒಳಗಿನ ಚಿಪ್ ಕೆಡುವ ಭಯ ಬೇರೆ. ಎಷ್ಟೋ ಒಳ್ಳೆಯ ಸೆನ್ಸರ್‌ಗಳು "ರೀಡಿಂಗ್ ಇಲ್ಲ" ಎಂಬ ಕಾರಣಕ್ಕೆ ಕಸದ ಬುಟ್ಟಿ ಸೇರಿವೆ.

ಕೋಡಿನ ಜೊತೆ ಫ್ರೀಜ್ ಫ್ರೇಮ್ ಇತ್ತು. ದೋಷ ಆದ ಕ್ಷಣದಲ್ಲಿ ಗಾಡಿಯ ಸ್ಥಿತಿ ಏನಿತ್ತು ಎಂದು ಯುನಿಟ್ ಬರೆದಿಟ್ಟುಕೊಳ್ಳುವ ದಾಖಲೆ ಅದು. ಎಲ್ಲ ಗಾಡಿಯಲ್ಲಿ ಸಿಗುವುದಿಲ್ಲ, ಇದರಲ್ಲಿ ಸಿಕ್ಕಿತು. ವೇಗ: ಗಂಟೆಗೆ 4 ಕಿಲೋಮೀಟರ್. ಎಂಬತ್ತಲ್ಲ.

ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿಸಿಹೋಗುತ್ತದೆ. ಮೊದಲಿನವರು ಅಳಿಸಿದಾಗ ಹೋದದ್ದು ಇದೇ. ನಾನು ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಂಡು ಕಾಕಾಗೆ ತೋರಿಸಿ ಮತ್ತೆ ಕೇಳಿದೆ: ಮಧ್ಯಾಹ್ನ ಗಾಡಿಯನ್ನು ಎಲ್ಲಿ ನಿಧಾನಕ್ಕೆ ತಿರುವುತ್ತೀರಿ?

ಉತ್ತರ ತಾನಾಗೇ ಬಂತು. ಮುಂಜಾನೆ ಮನೆಯಿಂದ ಗಾಡಿ ನೇರ ರಸ್ತೆಗೆ ಇಳಿಯುತ್ತದೆ. ಮಧ್ಯಾಹ್ನ ಗಂಜ್‌ನಲ್ಲಿ ತೊಗರಿ ಲಾರಿಗಳ ನಡುವಿನಿಂದ ಹೊರಗೆ ತೆಗೆಯಬೇಕಾದರೆ ಸ್ಟೇರಿಂಗ್ ಪೂರ್ತಿ ತಿರುವಬೇಕು, ಹಿಂದೆ ಮುಂದೆ ಮಾಡಬೇಕು. ಹೊಲದಲ್ಲೂ ಬದುವಿನ ಹತ್ತಿರ ಹಾಗೆಯೇ. ಬಿಸಿಲಿಗೂ ಈ ಲೈಟಿಗೂ ಸಂಬಂಧ ಇರಲಿಲ್ಲ, ಸಂಬಂಧ ಇದ್ದದ್ದು ತಿರುವಿಗೆ.

ಇಷ್ಟು ಆದರೂ ಮೂಲ ಪರೀಕ್ಷೆಗಳನ್ನು ಬಿಡಬಾರದು. ಬ್ಯಾಟರಿ ಇಂಜಿನ್ ಬಂದ್ ಇದ್ದಾಗ 12.5, ಚಾಲೂ ಇದ್ದಾಗ 14.1 ವೋಲ್ಟ್, ಸರಿ. ನಾಲ್ಕೂ ಟೈರ್ ಒಂದೇ ಸೈಜ್. ಬ್ರೇಕ್ ಆಯಿಲ್ ಮಟ್ಟ ಸರಿ. ಎಬಿಎಸ್ ಫ್ಯೂಸ್, ಯುನಿಟ್ಟಿನ ಅರ್ಥಿಂಗ್ ಬಿಗಿ.

ಕಾಕಾ ಗಾಡಿಯನ್ನು ತೊಳೆಸಿಕೊಂಡು ಬರಲೇ ಎಂದು ಫೋನಿನಲ್ಲೇ ಕೇಳಿದ್ದರು, ಬ್ಯಾಡ್ರಿ ಎಂದಿದ್ದೆ. ಗಾಡಿ ಯಾವ ಸ್ಥಿತಿಯಲ್ಲಿ ದೋಷ ತೋರಿಸುತ್ತಿದೆಯೋ ಅದೇ ಸ್ಥಿತಿಯಲ್ಲಿ ನೋಡಬೇಕು. ಲಿಫ್ಟಿಗೂ ಏರಿಸಲಿಲ್ಲ. ಲಿಫ್ಟಿನಲ್ಲಿ ಗಾಲಿಗಳು ಕೆಳಗೆ ಜೋತುಬಿದ್ದು ವೈರ್ ನಿಲ್ಲುವ ಭಂಗಿಯೇ ಬದಲಾಗುತ್ತದೆ, ನೆಲದ ಮೇಲೆ ಬರುವ ದೋಷ ಅಲ್ಲಿ ಬರದೇ ಇರಬಹುದು. ನಮ್ಮ ನೆಲ ಶಹಾಬಾದ್ ಫರ್ಶಿಯದು. ಮುಂದಿನ ಗಾಲಿಗಳ ಕೆಳಗೆ ಗ್ರೀಸ್ ಹಚ್ಚಿದ ಎರಡೆರಡು ತಗಡು ಹಾಕಿದೆವು, ನಿಂತಲ್ಲೇ ಸ್ಟೇರಿಂಗ್ ಹಗುರವಾಗಿ ತಿರುಗುತ್ತದೆ.

ಇಂಜಿನ್ ಚಾಲೂ ಮಾಡಿ, ಸ್ಕ್ಯಾನರಿನಲ್ಲಿ ಎಬಿಎಸ್ ಲೈವ್ ಡಾಟಾ ತೆರೆದು, ಕಾಕಾ ಅವರನ್ನೇ ಸೀಟಿನಲ್ಲಿ ಕೂಡಿಸಿದೆ. ನಾಲ್ಕೂ ಗಾಲಿ ಸೊನ್ನೆ ತೋರಿಸುತ್ತಿದ್ದವು. "ಎಡಕ್ಕ ಪೂರ್ತಿ ತಿರುವ್ರಿ." ಏನೂ ಆಗಲಿಲ್ಲ. "ಈಗ ಬಲಕ್ಕ." ಸ್ಟೇರಿಂಗ್ ಬಲಗಡೆ ಕೊನೆ ಮುಟ್ಟುವ ಹೊತ್ತಿಗೆ ಎಡ ಮುಂದಿನ ಗಾಲಿಯ ಅಂಕಿ ಮಾಯವಾಗಿ ಬರೀ ಗೀಟು ಉಳಿಯಿತು. ಮೀಟರ್‌ನಲ್ಲಿ ಹಳದಿ ಲೈಟ್ ಹತ್ತಿತು.

"ಅರೇ, ಬಂತಲ್ಲೋ!" ಎಂದರು ಕಾಕಾ. ಹತ್ತೋದನ್ನು ಅವರು ಮೊದಲ ಸಲ ಕಣ್ಣಾರೆ ನೋಡಿದ್ದು ಅದು. ದಾಖಲೆಯ ಫೋಟೋ ಆಗಲೇ ಇತ್ತು, ಹಾಗಾಗಿ ಈಗ ಕೋಡ್ ಅಳಿಸಿ, ನೇರ ಮಾಡಿ, ಮತ್ತೆ ತಿರುವಿಸಿದೆ. ಬಲ ಕೊನೆಗೆ ಹೋದಾಗಲೆಲ್ಲ ಬಂತು, ಎಡಕ್ಕೆ ಒಮ್ಮೆಯೂ ಬರಲಿಲ್ಲ.

ಯುನಿಟ್ ಕೆಟ್ಟಿದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಯುನಿಟ್ ಇಂಜಿನ್ ಕೋಣೆಯಲ್ಲಿ ಬೋಲ್ಟ್ ಹಾಕಿ ಕೂಡಿಸಿದ್ದು, ಸ್ಟೇರಿಂಗ್ ತಿರುವಿದರೆ ಅದಕ್ಕೇನೂ ಆಗುವುದಿಲ್ಲ. ತಿರುವಿನ ಜೊತೆ ಅಲುಗಾಡುವುದು ಮೂರೇ: ಸೆನ್ಸರ್, ಅದರ ಕಪ್ಲರ್, ಮತ್ತು ಅಲ್ಲಿಂದ ಬಾಡಿಯ ತನಕ ಹೋಗುವ ವೈರ್.

ಬಹಳ ಗಾಡಿಗಳಲ್ಲಿ ಸೆನ್ಸರೂ ಅದರ ಉದ್ದನೆಯ ವೈರೂ ಒಂದೇ ಪೀಸ್, ಸೆನ್ಸರ್ ಬದಲಿಸಿದರೆ ವೈರೂ ಹೊಸದಾಗುತ್ತದೆ. ಈ ಗಾಡಿಯಲ್ಲಿ ಹಾಗಲ್ಲ. ಸೆನ್ಸರ್ ಹೆಬ್ಬೆರಳಿನಷ್ಟು ಸಣ್ಣದು, ಅದರ ತಲೆಯ ಮೇಲೇ ಕಪ್ಲರ್ ಕೂಡುತ್ತದೆ, ವೈರ್ ಗಾಡಿಯ ಮೂಲ ಹಾರ್ನೆಸ್‌ಗೆ, ಅಂದರೆ ಗಾಡಿಯ ವೈರ್‌ಗಳ ಕಟ್ಟಿಗೆ, ಸೇರಿದ್ದು. ಮೊದಲಿನವರು ಹೊಸ ಸೆನ್ಸರ್ ಹಾಕಿದಾಗ ಹಳೇ ವೈರ್ ಹಾಗೇ ಉಳಿದಿತ್ತು. ಎರಡನೆಯವರು ಸೆನ್ಸರ್ ಹೊಸದು ಎಂಬುದನ್ನಷ್ಟೇ ಕೇಳಿ ನಡುವಿನ ವೈರನ್ನು ಬಿಟ್ಟು ನೇರ ಯುನಿಟ್ಟಿಗೆ ಹಾರಿದ್ದರು.

ವೈರಿನಲ್ಲೇ ದೋಷ ಎಂದು ಗಟ್ಟಿ ಮಾಡಿಕೊಳ್ಳಲು ಬಲ್ಬ್ ಪರೀಕ್ಷೆ ಮಾಡಿದೆ. ಮಲ್ಟಿಮೀಟರಿನ ಕಂಟಿನ್ಯುಟಿ ಬೀಪ್ ಅತಿ ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತದೆ, ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ವೈರಿನ ಮೂಲಕ ಸ್ವಲ್ಪ ನಿಜವಾದ ಭಾರ ಹರಿಸಬೇಕು. ಗಾಡಿಯ ಬ್ಯಾಟರಿ ತೆಗೆದು, ಯುನಿಟ್ಟಿನ ಕಪ್ಲರನ್ನೂ ಸೆನ್ಸರಿನ ಕಪ್ಲರನ್ನೂ ಕಳಚಿ, ಆ ಎರಡು ವೈರ್‌ಗಳನ್ನು ಪೂರ್ತಿ ಒಂಟಿ ಮಾಡಿದೆ. ಇದನ್ನು ಬಿಟ್ಟು ಬಲ್ಬ್ ಹಚ್ಚಿದರೆ ಯುನಿಟ್ಟಿಗೆ ತಪ್ಪು ಕರೆಂಟ್ ನುಗ್ಗುತ್ತದೆ, ಆಗ ಐವತ್ತು ಸಾವಿರದ ಅಂದಾಜು ನಿಜವೇ ಆಗಬಹುದು. ಆಮೇಲೆ ಬೇರೆ ಬ್ಯಾಟರಿಯಿಂದ, ಫ್ಯೂಸ್ ಹಾಕಿ, ಒಂದೊಂದೇ ವೈರಿನ ಮೂಲಕ 5 ವಾಟ್‌ನ ಪಾರ್ಕಿಂಗ್ ಬಲ್ಬ್ ಉರಿಸಿದೆ. ಅದು ಎಳೆಯುವುದು ಅರ್ಧ ಆಂಪ್‌ಗಿಂತ ಕಡಿಮೆ, ಸಣ್ಣ ವೈರಿಗೆ ಅಪಾಯವಿಲ್ಲ. ಒಂದು ವೈರಿನಲ್ಲಿ ಬಲ್ಬ್ ಯಾವ ಕಡೆ ತಿರುವಿದರೂ ಒಂದೇ ಸಮ ಉರಿಯಿತು. ಇನ್ನೊಂದರಲ್ಲಿ ಗಾಲಿ ನೇರ ಇದ್ದಾಗಲೇ ಮಂಕು, ಬಲಕ್ಕೆ ತಿರುವಿದಂತೆ ಮಿಣುಕಿ ಆರಿಹೋಯಿತು.

ಈಗ ಗಾಲಿ ಬಿಚ್ಚಿದೆವು. ಒಳಗೆ ಕಂಡದ್ದು ಇಡೀ ಪ್ರಕರಣದ ಮೂಲ. ಸೆನ್ಸರ್ ಕೂಡುವ ನಕಲ್‌ನ (ಗಾಲಿಯನ್ನು ಹಿಡಿದು ಸ್ಟೇರಿಂಗ್ ಜೊತೆ ತಿರುಗುವ ಕಬ್ಬಿಣದ ಭಾಗ) ಹಿಂದೆ, ಶಾಕಪ್‌ನ ಬುಡದ ತನಕ ಎರಿ ಮಣ್ಣು ಮೆತ್ತಿಕೊಂಡು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ವೈರ್ ಆ ಮಣ್ಣಿನೊಳಗೆ ಹೂತಿತ್ತು. ಸ್ಕ್ರೂಡ್ರೈವರ್‌ನಿಂದ ಅಂಚಿನಲ್ಲಿ ಮೀಟಿದಾಗ ಮಣ್ಣಿನ ಹೆಂಟೆ ಇಡಿಯಾಗಿ ಕೈಗೆ ಬಂತು, ಅದರ ಒಳಮೈಯಲ್ಲಿ ವೈರಿನ ಗುಂಡನೆಯ ಗುರುತು ಪೂರ್ತಿ ಅಚ್ಚಾಗಿತ್ತು.

ಮಣ್ಣು ಬರೀ ಅರ್ಧ ಕಾರಣ. ಶಾಕಪ್‌ನ ಮೈಮೇಲೆ ಒಂದು ಸಣ್ಣ ತಗಡಿನ ಬ್ರ್ಯಾಕೆಟ್ ಇರುತ್ತದೆ, ವೈರಿನ ಮೇಲಿನ ರಬ್ಬರ್ ಗ್ರೊಮೆಟ್ (ವೈರನ್ನು ಹಿಡಿದಿಡುವ ರಬ್ಬರ್ ಬಿಲ್ಲೆ) ಅದರ ಸೀಳಿನಲ್ಲಿ ಕೂಡಬೇಕು. ಈ ಗಾಡಿಯಲ್ಲಿ ರಬ್ಬರ್ ಇತ್ತು, ಆದರೆ ಬ್ರ್ಯಾಕೆಟ್‌ನಲ್ಲಿ ಕೂಡಿರಲಿಲ್ಲ, ವೈರಿನ ಜೊತೆ ಕೆಳಗೆ ಜೋತುಬಿದ್ದಿತ್ತು. ಕಾಕಾಗೆ ಕೇಳಿದೆ: ಮುಂದಿನ ಶಾಕಪ್ ಬದಲಿಸಿದ್ದೀರಾ? ಮಳೆಗಾಲಕ್ಕೆ ಮೊದಲು ಬದಲಿಸಿದ್ದರು. ಶಾಕಪ್ ಬಿಚ್ಚಬೇಕಾದರೆ ಈ ರಬ್ಬರನ್ನು ಬಿಡಿಸಲೇಬೇಕು. ಹೊಸದು ಕೂಡಿಸಿದ ಮೇಲೆ ಯಾರೂ ಅದನ್ನು ಮತ್ತೆ ಸೀಳಿಗೆ ಒತ್ತಿರಲಿಲ್ಲ.

ಅದು ಎಷ್ಟು ದೊಡ್ಡ ಸಂಗತಿ ಎಂದು ಹೇಳಬೇಕು. ಸ್ಟೇರಿಂಗ್ ತಿರುವಿದಾಗ ಶಾಕಪ್, ನಕಲ್, ಗಾಲಿ ಮೂರೂ ಒಟ್ಟಿಗೆ ತಿರುಗುತ್ತವೆ. ಬ್ರ್ಯಾಕೆಟ್‌ನಿಂದ ಸೆನ್ಸರಿನ ತನಕದ ವೈರ್ ಅವುಗಳ ಜೊತೆ ಒಂದಾಗಿ ಹೋಗುವುದರಿಂದ ಅದು ಬಾಗುವುದೇ ಇಲ್ಲ. ಬಾಗಬೇಕಾದದ್ದು ಬ್ರ್ಯಾಕೆಟ್‌ನಿಂದ ಬಾಡಿಯ ತನಕದ ಭಾಗ. ಕಂಪನಿಯವರು ಅಲ್ಲಿ ಉದ್ದನೆಯ ಸಡಿಲು ಕೊಟ್ಟಿರುತ್ತಾರೆ, ಬಾಗುವಿಕೆ ಆ ಉದ್ದಕ್ಕೂ ಹಂಚಿಹೋಗುತ್ತದೆ. ರಬ್ಬರ್ ಕಳಚಿದಾಗ ಆ ಸಡಿಲು ಎಲ್ಲ ಕೆಳಗೆ ಬಿತ್ತು. ಮಳೆಗಾಲದಲ್ಲಿ ಹೊಲದ ದಾರಿಯ ಕೆಸರು ಅದರ ಮೇಲೆ ಮೆತ್ತಿತು, ಹಸಿ ಇರುವ ತನಕ ಮಣ್ಣೂ ವೈರಿನ ಜೊತೆ ಅಲುಗಾಡಿತು. ಮಳೆ ನಿಂತು ಮಣ್ಣು ಗಟ್ಟಿಯಾದ ಮೇಲೆ ವೈರ್ ಅದರೊಳಗೆ ಬಿಗಿಯಾಯಿತು. ಅಲ್ಲಿಂದ ಮುಂದೆ ಪ್ರತಿ ತಿರುವೂ ಪ್ರತಿ ಗುಂಡಿಯೂ ವೈರನ್ನು ಒಂದೇ ಜಾಗದಲ್ಲಿ, ಮಣ್ಣಿನ ಮೇಲಂಚಿನಲ್ಲಿ ಮಡಚಿದವು. ಲೈಟ್ ಮೊದಲ ಸಲ ಕಂಡದ್ದು ದೀಪಾವಳಿ ಆದಮೇಲೆ ಎಂದು ಕಾಕಾ ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಎಡಗಡೆಯೇ ಯಾಕೆ? ನಮ್ಮ ಹಳ್ಳಿ ರಸ್ತೆಗಳು ಒಂದು ಗಾಡಿಯಷ್ಟೇ ಅಗಲ. ಎದುರಿಗೆ ಬಸ್ಸೋ ಟ್ರ್ಯಾಕ್ಟರೋ ಬಂದರೆ ಎಡಗಡೆ ಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತದೆ. ಕೆಸರು ತಿನ್ನುವುದು ಅದೇ.

ಒಡೆದ ಜಾಗ ಕಣ್ಣಿಗೆ ಕಾಣುವಂತಿರಲಿಲ್ಲ. ಮೇಲಿನ ಕರಿ ಹೊದಿಕೆಯಲ್ಲಿ ಒಂದು ಗೀರೂ ಇಲ್ಲ. ಎರಡು ಬೆರಳಿನ ನಡುವೆ ವೈರನ್ನು ಹಿಡಿದು ಅಂಗುಲ ಅಂಗುಲವಾಗಿ ಬಾಗಿಸುತ್ತ ಬಂದಾಗ ಒಂದು ಕಡೆ ಅದು ಗುಂಡಗೆ ಬಾಗದೆ ಚೂಪಾಗಿ ಮಡಚಿಕೊಂಡಿತು. ಅಲ್ಲಿ ಹೊದಿಕೆಯನ್ನು ಸೀಳಿ ಒಳಗಿನ ಎರಡು ವೈರ್‌ಗಳನ್ನು ಬಿಡಿಸಿ ಮೆತ್ತಗೆ ಎಳೆದೆ. ಒಂದು ಗಟ್ಟಿಯಾಗಿ ನಿಂತಿತು. ಇನ್ನೊಂದು ರಬ್ಬರ್ ದಾರ ಜಗ್ಗಿದಂತೆ ಉದ್ದವಾಗಿ ನಡುವೆ ತೆಳ್ಳಗಾಯಿತು, ಒಳಗೆ ತಾಮ್ರ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬಿಡಿಸಿ ನೋಡಿದರೆ ಎಳೆಗಳೆಲ್ಲ ತುಂಡಾಗಿ ತುದಿಗಳು ಒಂದಕ್ಕೊಂದು ತಾಗಿ ನಿಂತಿದ್ದವು, ಉಜ್ಜಿ ಉಜ್ಜಿ ತುದಿ ಕಪ್ಪಾಗಿದ್ದವು. ನೇರ ಇದ್ದಾಗ ತಾಗುತ್ತವೆ, ಬಲಕ್ಕೆ ತಿರುವಿದಾಗ ಬಿಡುತ್ತವೆ.

ರಿಪೇರಿಯಲ್ಲಿ ಸುಲಭದ ದಾರಿ ಒಂದಿದೆ: ಒಡೆದ ಜಾಗ ಕತ್ತರಿಸಿ, ಅಲ್ಲೇ ಸೋಲ್ಡರ್ ಮಾಡಿ, ಟೇಪ್ ಸುತ್ತುವುದು. ಹತ್ತು ನಿಮಿಷದ ಕೆಲಸ. ನಾನು ಇದನ್ನು ಮಾಡುವುದಿಲ್ಲ, ಬೇರೆಯವರಿಗೂ ಬೇಡ ಎನ್ನುತ್ತೇನೆ. ಸೋಲ್ಡರ್ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ. ಬಾಗುವ ಜಾಗದಲ್ಲಿ ಕಡ್ಡಿ ಇದ್ದರೆ ಅದರ ಅಂಚಿನಲ್ಲಿ ಮತ್ತೆ ಒಡೆಯುತ್ತದೆ. ಟೇಪಿನೊಳಗೆ ನೀರು ಹೋಗುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಬ್ರೇಕಿಗೆ ಸಂಬಂಧಿಸಿದ ವೈರ್ ಇದು.

ಸೆನ್ಸರ್ ಕಪ್ಲರ್‌ನಿಂದ ಹಿಡಿದು ಬಾಡಿಯ ಒಳಗೆ ವೈರ್ ಅಲುಗಾಡದೆ ಕೂತಿರುವ ಜಾಗದ ತನಕ ಪೂರ್ತಿ ಭಾಗವನ್ನು ಬದಲಿಸಿದೆ. ಕಪ್ಲರ್ ಸಮೇತ ವೈರ್ ತುಂಡು ರಿಪೇರಿಗೆಂದೇ ಸಿಗುತ್ತದೆ, ತರಿಸಿಕೊಂಡೆ. ಬಾಗಿ ಬಾಗಿ ತಡೆಯುವ ಸಣ್ಣ ಎಳೆಗಳ ವೈರೇ ಆಗಬೇಕು, ಮನೆ ವೈರಿಂಗಿನದ್ದೋ ಸ್ಪೀಕರಿನದ್ದೋ ನಡೆಯುವುದಿಲ್ಲ. ಎರಡೂ ವೈರ್‌ಗಳನ್ನು ಮೊದಲಿದ್ದ ಹಾಗೆ ಒಂದಕ್ಕೊಂದು ಹೆಣೆದೇ ಇಟ್ಟೆ, ಹೊರಗಿನ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಸೇರದಿರಲಿ ಎಂದು ಕಂಪನಿಯವರು ಹಾಗೆ ಹೆಣೆದಿರುತ್ತಾರೆ. ಜೋಡಣೆ ಎರಡೂ ಬಾಡಿಯ ಒಳಗೆ, ಒಂದರ ಪಕ್ಕ ಒಂದು ಬರದಂತೆ ಹಿಂದೆ ಮುಂದೆ ಮಾಡಿ ಕ್ರಿಂಪ್ (ಒತ್ತಿ ಬಿಗಿಯುವ ಲೋಹದ ಜೋಡಣೆ) ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಕಾಯಿಸಿ ಮುಚ್ಚಿದೆ. ಬಾಡಿಯ ತೂತಿನ ರಬ್ಬರನ್ನು ಸರಿಯಾಗಿ ಕೂಡಿಸಿ, ಕೊನೆಗೆ ಶಾಕಪ್ ಬ್ರ್ಯಾಕೆಟ್‌ನ ಸೀಳಿಗೆ ಗ್ರೊಮೆಟ್ ಒತ್ತಿದೆ. ಟಕ್ ಎಂದು ಕೂತಿತು. ಶಾಕಪ್ ಬದಲಿಸಿದ ದಿನ ಮಾಡಬೇಕಿದ್ದ ಕೆಲಸ ಅಷ್ಟೇ.

ಬಲಗಡೆಯನ್ನೂ ಬಿಚ್ಚಿ ನೋಡಿದೆವು. ಅಲ್ಲೂ ಗ್ರೊಮೆಟ್ ಹೊರಗೇ ಇತ್ತು, ಒಂದೇ ದಿನ ಒಂದೇ ಕೈಯಿಂದ ಆದ ಕೆಲಸವಲ್ಲವೇ. ಮಣ್ಣು ಕಡಿಮೆ ಇದ್ದದ್ದರಿಂದ ವೈರ್ ಉಳಿದಿತ್ತು. ಬಲ್ಬ್ ಪರೀಕ್ಷೆಯಲ್ಲಿ ಎರಡೂ ವೈರ್ ಸರಿ ಬಂದವು, ಗ್ರೊಮೆಟ್ ಕೂಡಿಸಿ ಬಿಟ್ಟೆ. ಮೊದಲಿನವರು ಹಾಕಿದ್ದ ಹೊಸ ಸೆನ್ಸರನ್ನು ಹಾಗೇ ಉಳಿಸಿದೆ, ಅದರಲ್ಲಿ ದೋಷ ಇರಲಿಲ್ಲ. ಹಳೇ ಸೆನ್ಸರಿನಲ್ಲೂ ಇರಲಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ.

ದೋಷ ಹೋಗಿದೆಯೇ ಎಂದು ನೋಡುವುದು ಈಗ ಸುಲಭ, ಬರಿಸುವ ದಾರಿ ಗೊತ್ತಿತ್ತಲ್ಲ. ಮತ್ತೆ ತಗಡಿನ ಮೇಲೆ ನಿಲ್ಲಿಸಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುವಿಸಿ, ಬಾನೆಟ್ ಮೇಲೆ ಭಾರ ಹಾಕಿ ಶಾಕಪ್ ಕುಣಿಸಿ, ವೈರನ್ನು ಕೈಯಿಂದ ಅಲುಗಾಡಿಸಿ ನೋಡಿದೆವು. ಅಂಕಿ ಮಾಯವಾಗಲಿಲ್ಲ. ರಸ್ತೆಗೆ ತೆಗೆದುಕೊಂಡು ಹೋಗಿ ನೇರ ಓಟದಲ್ಲಿ ಲೈವ್ ಡಾಟಾ ನೋಡಿದಾಗ ನಾಲ್ಕೂ ಗಾಲಿಯ ವೇಗದಲ್ಲಿ ಒಂದು ಕಿಲೋಮೀಟರಿನ ವ್ಯತ್ಯಾಸವೂ ಇರಲಿಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಸ್ವಲ್ಪ ಹೆಚ್ಚು ತೋರಿಸುತ್ತದೆ, ಅದು ಹಾಗೇ ಇರಬೇಕು. ಕೊನೆಗೆ ಹೊಸ ಲೇಔಟ್ ಒಂದರ ಖಾಲಿ ರಸ್ತೆಯಲ್ಲಿ, ಮುರುಮ್ ಹರಡಿದ್ದ ಕಡೆ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿಕೊಂಡು, 40ರ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಗಡಗಡ ನಡುಗಿತು, ಗಾಡಿ ನೇರವಾಗಿ ನಿಂತಿತು. ಕಾಕಾ ಪಕ್ಕದಲ್ಲೇ ಕೂತಿದ್ದರು.

"ಪೆಡಲ್ ಹಿಂಗ ನಡುಗಿದ್ರ ಕೆಟ್ಟದ ಅಂತ ಕಾಲ ತಗೀತಿದ್ದೆ ನಾ" ಎಂದರು.

"ತಗೀಬ್ಯಾಡ್ರಿ ಕಾಕಾ. ಅದು ಕೆಲಸ ಮಾಡೋ ಸಪ್ಪ್ಳ. ಪೂರ್ತಿ ಒತ್ತಿ ಹಿಡೀರಿ, ಸ್ಟೇರಿಂಗ್ ಎಲ್ಲಿ ಬೇಕೋ ಅಲ್ಲಿ ತಿರುವ್ರಿ."

ಅವರನ್ನೇ ಸೀಟಿಗೆ ಕೂಡಿಸಿ ಒಮ್ಮೆ ಮಾಡಿಸಿದೆ. ಎಬಿಎಸ್ ಇರುವ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದವರೂ ಆ ನಡುಕವನ್ನು ಒಮ್ಮೆಯೂ ಅನುಭವಿಸಿರುವುದಿಲ್ಲ, ಬೇಕಾದ ಹೊತ್ತಿಗೆ ಹೆದರಿ ಕಾಲು ಎತ್ತುತ್ತಾರೆ. ಗಾಡಿ ಕೊಡುವಾಗ ಇದನ್ನು ತೋರಿಸಿಕೊಡುವುದು ನನ್ನ ಲೆಕ್ಕದಲ್ಲಿ ರಿಪೇರಿಯ ಭಾಗವೇ.

ಬಿಲ್ಲಿನಲ್ಲಿ ವೈರ್ ತುಂಡು, ಸ್ಲೀವ್ ಮತ್ತು ಮಜೂರಿ ಇತ್ತು. ಮೊದಲು ಹಾಕಿಸಿದ ಸೆನ್ಸರಿಗಿಂತ ಕಡಿಮೆಯೇ ಆಯಿತು. ಹೊಲಕ್ಕೆ ಹೋಗಿ ಬಂದಮೇಲೆ ಮಣ್ಣು ಹಸಿ ಇರುವಾಗಲೇ ಗಾಲಿಯ ಒಳಗಡೆ ಸಾದಾ ಪೈಪಿನ ನೀರು ಬಿಡಿಸಿ ಎಂದು ಹೇಳಿದೆ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ನನ್ನು ಸೆನ್ಸರ್ ಕಪ್ಲರಿನ ಹತ್ತಿರ ಹಿಡಿಸಬೇಡಿ, ನೀರು ಸೀಲ್ ದಾಟಿ ಒಳಗೆ ನುಗ್ಗುತ್ತದೆ ಎಂದೂ ಹೇಳಿದೆ.

ತೊಗರಿ ರಾಶಿ ಮುಗಿದಮೇಲೆ ಕಾಕಾ ಆಯಿಲ್ ಬದಲಿಸಲು ಬಂದಿದ್ದರು. ಅವರು ಕೇಳದಿದ್ದರೂ ಸ್ಕ್ಯಾನರ್ ಹಾಕಿದೆ, ಎಬಿಎಸ್ ಮೆಮೊರಿಯಲ್ಲಿ ಒಂದು ಕೋಡೂ ಇರಲಿಲ್ಲ. ಗಾಲಿಯ ಒಳಗೆ ಕೈ ಹಾಕಿ ನೋಡಿದೆ: ಎರಡೂ ಕಡೆ ಗ್ರೊಮೆಟ್ ಬ್ರ್ಯಾಕೆಟ್‌ನಲ್ಲೇ ಇತ್ತು, ನಕಲ್‌ನ ಹಿಂದೆ ಸ್ವಲ್ಪ ಮಣ್ಣು ಇದ್ದರೂ ವೈರಿಗೆ ತಾಗಿರಲಿಲ್ಲ.